ಕಿಲ್ಟಿನ ನಿರಿಗೆ, ಕಂಬಳಿಯ ತೂಕ

ಬ್ರಿಟಿಷ್ ಸೈನ್ಯದ ಸ್ಕಾಟಿಷ್ ಪಡೆಗಳ ಚಿತ್ರಗಳನ್ನು ನೀವು ಪಠ್ಯಪುಸ್ತಕಗಳಲ್ಲೋ ಸಿನಿಮಾಗಳಲ್ಲೋ ನೋಡಿರಬಹುದು. ಸೊಂಟದಿಂದ ಮಂಡಿಯವರೆಗೆ ಇಳಿಬಿದ್ದ, ಚೌಕಳಿ ಗೆರೆಗಳ, ಹಿಂಭಾಗದಲ್ಲಿ ಒತ್ತಾಗಿ ನಿರಿಗೆ ಹಿಡಿದ ಉಣ್ಣೆಯ ಉಡುಪನ್ನು ಆ ಸೈನಿಕರು ತೊಟ್ಟಿರುತ್ತಾರೆ. ಇದೇ ಕಿಲ್ಟ್. ಆ ಚೌಕಳಿ ಬಟ್ಟೆಯ ಹೆಸರು ಟಾರ್ಟನ್. ಇಂದು ಹಳೆಯ ಸೈನಿಕ ಕಿಲ್ಟುಗಳ ಪ್ರತಿಕೃತಿಗಳನ್ನು ಮಾಡಿಸಿಕೊಂಡು ಉಡುವವರಿದ್ದಾರೆ. ಹಿಂದಿನ ಕದನಗಳನ್ನು ಮರುಅಭಿನಯಿಸುವವರು, ಪೈಪ್ ಬ್ಯಾಂಡಿನ ವಾದಕರು, ಉಡುಪಿನ ಇತಿಹಾಸದ ಅಭ್ಯಾಸಿಗಳು ಇವರಲ್ಲಿ ಮುಖ್ಯರು. ಇವರೆಲ್ಲ ಮೊದಲು ಕೇಳುವ ಪ್ರಶ್ನೆ ಬಣ್ಣದ್ದಲ್ಲ, ತೂಕದ್ದು. ಹಗುರ ಬಟ್ಟೆಯ ಕಿಲ್ಟ್ ದೂರದಿಂದ ನೋಡಲು ಅಸಲಿನಂತೆಯೇ ಇರುತ್ತದೆ. ಆದರೆ ಉಟ್ಟು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಅದು ಬೇರೆಯೇ ಉಡುಪು ಎಂಬುದು ಮೈಗೆ ತಿಳಿಯುತ್ತದೆ.

ಸ್ಕಾಟ್‌ಲೆಂಡಿನ ಈ ಉಡುಪಿಗೂ ನಮ್ಮ ಕೋಲಾರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧಗಳು ಎರಡಿವೆ. ಒಂದು, ಈ ಪಡೆಗಳು ನಮ್ಮ ಸೀಮೆಯ ದಾರಿಯಲ್ಲೇ ನಡೆದು ಹೋದವು. ಇನ್ನೊಂದು, ಕಿಲ್ಟಿನಷ್ಟೇ ಭಾರದ, ಅದಕ್ಕಿಂತಲೂ ಒರಟಾದ ಉಣ್ಣೆಯ ಹೊದಿಕೆಯೊಂದು ಇಲ್ಲಿ ಶತಮಾನಗಳಿಂದ ಇದೆ. ಅದೇ ಕಂಬಳಿ. ಈ ಎರಡು ಉಣ್ಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಭೌತವಿಜ್ಞಾನಕ್ಕೂ ಇತಿಹಾಸಕ್ಕೂ ಸೇರಿದ ಒಂದು ಪಾಠ ಸಿಗುತ್ತದೆ.

ಮೊಗಿಲಿ ಕಣಿವೆಯಿಂದ ಕೋಲಾರಕ್ಕೆ

ಮೂರನೆಯ ಮೈಸೂರು ಯುದ್ಧದ ಕಾಲ. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ವೆಲ್ಲೂರಿನಿಂದ ಹೊರಟಿತು. ಆಂಬೂರಿನ ಕಡೆಯ ಘಟ್ಟ ಹತ್ತುವಂತೆ ತೋರಿಸಿ, ಥಟ್ಟನೆ ಉತ್ತರಕ್ಕೆ ತಿರುಗಿ, ಚಿತ್ತೂರಿನ ಬಳಿಯ ಮೊಗಿಲಿ ಕಣಿವೆಯ ಮೂಲಕ ಮೈಸೂರು ಪ್ರಸ್ಥಭೂಮಿಯನ್ನು ಏರಿತು. ಇಂದು ಚಿತ್ತೂರಿನಿಂದ ಪಲಮನೇರು, ಮುಳಬಾಗಿಲುಗಳ ಮೂಲಕ ಕೋಲಾರಕ್ಕೆ ಬರುವ ಹೆದ್ದಾರಿ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿದೆ. ಕೋಲಾರ ಮತ್ತು ಹೊಸಕೋಟೆ ಹೆಚ್ಚಿನ ಪ್ರತಿರೋಧವಿಲ್ಲದೆ ಕೈವಶವಾದವು. ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿದ್ದಿತು.

ಈ ಸೈನ್ಯದಲ್ಲಿ 71, 72 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಹೈಲ್ಯಾಂಡ್ ಎಂದರೆ ಸ್ಕಾಟ್‌ಲೆಂಡಿನ ಉತ್ತರದ ಗುಡ್ಡನಾಡು. ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿದುರ್ಗಕ್ಕೆ ಲಗ್ಗೆ ಇಟ್ಟವರಲ್ಲಿ 71ನೇ ರೆಜಿಮೆಂಟಿನವರೂ, ಡಿಸೆಂಬರಿನಲ್ಲಿ ಸಾವನದುರ್ಗ ಹತ್ತಿದವರಲ್ಲಿ 72ನೇ ರೆಜಿಮೆಂಟಿನವರೂ ಇದ್ದರು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕೊನೆಯ ದಾಳಿಯ ಮುಂದಾಳು ಡೇವಿಡ್ ಬೇರ್ಡ್ ಕೂಡ ಸ್ಕಾಟ್‌ಲೆಂಡಿನವನೇ.

ಹಾಗೆಂದು ಕೋಲಾರದ ಕೋಟೆ ಬೀದಿಯಲ್ಲಿ ಕಿಲ್ಟ್ ಉಟ್ಟ ಸಾಲು ಸಾಲು ಸೈನಿಕರನ್ನು ಊಹಿಸಿಕೊಳ್ಳಬೇಡಿ. ಭಾರತದಲ್ಲಿ ಸೇವೆಗೆಂದೇ 1787ರಲ್ಲಿ ಕಟ್ಟಿದ 74ನೇ ರೆಜಿಮೆಂಟಿಗೆ ತಾಯ್ನಾಡಿನಲ್ಲಿ ಕಿಲ್ಟೇ ಸಮವಸ್ತ್ರ. ಆದರೆ ಇಲ್ಲಿನ ಹವೆಗೆ ಅದು ಒಗ್ಗದೆಂದು ಪೂರ್ವದೇಶದ ಸೇವೆಯಲ್ಲಿ ಅದನ್ನು ಕೈಬಿಡಲಾಯಿತೆಂದು ರೆಜಿಮೆಂಟಿನ ಚರಿತ್ರೆ ಹೇಳುತ್ತದೆ. ದಕ್ಷಿಣ ಭಾರತದಲ್ಲಿ ಹೈಲ್ಯಾಂಡ್ ಪಡೆಗಳ ಸಾಮಾನ್ಯ ಉಡುಪು ಹಗುರ ಬಟ್ಟೆಯ ಷರಾಯಿಯಾಯಿತು. 1809ರಲ್ಲಿ 72 ಮತ್ತು 74 ಸೇರಿದಂತೆ ಆರು ರೆಜಿಮೆಂಟುಗಳಿಂದ ಕಿಲ್ಟನ್ನು ಅಧಿಕೃತವಾಗಿಯೇ ತೆಗೆದುಹಾಕಲಾಯಿತು. ಅದಕ್ಕೆ ಕೊಟ್ಟ ಕಾರಣ ಹವೆಯಲ್ಲ, ಇಂಗ್ಲೆಂಡಿನ ಯುವಕರು ಕಿಲ್ಟ್ ಉಡಲು ಇಷ್ಟಪಡದೆ ನೇಮಕಾತಿ ಕುಂಠಿತವಾಗುತ್ತದೆ ಎಂಬುದು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1857ರ ನವೆಂಬರಿನಲ್ಲಿ ಲಖನೌದಲ್ಲಿ ಹೋರಾಡಿದ 93ನೇ ಹೈಲ್ಯಾಂಡ್ ರೆಜಿಮೆಂಟ್ ಕಿಲ್ಟಿನಲ್ಲೇ ಇತ್ತು. ಗಂಗಾ ಬಯಲಿನ ನವೆಂಬರ್ ಎಂದರೆ ಚಳಿಗಾಲದ ಆರಂಭ ಎಂಬುದನ್ನು ನೆನಪಿಡಿ. ಅದೇ ಉಡುಪು ಒಂದೆಡೆ ನಿಲ್ಲುತ್ತದೆ, ಮತ್ತೊಂದೆಡೆ ಬೀಳುತ್ತದೆ. ಏಕೆ? ಉತ್ತರಕ್ಕಾಗಿ ಬಟ್ಟೆಯನ್ನೇ ತಕ್ಕಡಿಗೆ ಹಾಕೋಣ.

ಭಾರಿ ಎಂದರೆ ಎಷ್ಟು ಭಾರ?

ಕಿಲ್ಟಿನ ಬಟ್ಟೆಯ ತೂಕವನ್ನು ಇಂದಿಗೂ ಹಳೆಯ ಇಂಗ್ಲಿಷ್ ಅಳತೆಯಲ್ಲೇ ಹೇಳುವುದು ರೂಢಿ: ಒಂದು ಗಜ ಉದ್ದದ, ಜೋಡಿ ಪನ್ನದ ಬಟ್ಟೆ ಎಷ್ಟು ಔನ್ಸ್ ತೂಗುತ್ತದೆ ಎಂದು. ಜೋಡಿ ಪನ್ನ ಎಂದರೆ ಸುಮಾರು 1.4 ಮೀಟರ್ ಅಗಲ. ಹಗುರ ಕಿಲ್ಟಿನ ಬಟ್ಟೆ 11ರಿಂದ 13 ಔನ್ಸ್, ಸಾಮಾನ್ಯದ್ದು 16 ಔನ್ಸ್, ಸೈನಿಕ ಪ್ರತಿಕೃತಿಗಳಿಗೆ ಬಯಸುವ ಭಾರಿ ಬಟ್ಟೆ 18ರಿಂದ 22 ಔನ್ಸ್ ಇರುತ್ತದೆ. ಇದನ್ನು ನಮ್ಮ ಮಾನಗಳಿಗೆ ತಿರುಗಿಸಿದರೆ 16 ಔನ್ಸ್ ಬಟ್ಟೆ ಚದರ ಮೀಟರಿಗೆ ಸುಮಾರು 350 ಗ್ರಾಂ, 22 ಔನ್ಸ್ ಬಟ್ಟೆ ಸುಮಾರು 480 ಗ್ರಾಂ ಆಗುತ್ತದೆ.

19ನೇ ಶತಮಾನದಿಂದ ಪ್ರಚಲಿತವಾದ ದೊಡ್ಡ ಕಿಲ್ಟಿಗೆ ಒಂಟಿ ಪನ್ನದ, ಅಂದರೆ ಸುಮಾರು 0.7 ಮೀಟರ್ ಅಗಲದ, 8 ಗಜ ಬಟ್ಟೆ ಹಿಡಿಯುತ್ತದೆ. ಉದ್ದ 7.3 ಮೀಟರ್; ವಿಸ್ತೀರ್ಣ ಸುಮಾರು 5.1 ಚದರ ಮೀಟರ್. ನಮ್ಮ ಸೀರೆಯ ವಿಸ್ತೀರ್ಣ 6 ಚದರ ಮೀಟರಿಗೂ ಹೆಚ್ಚು! ಕಿಲ್ಟಿನಲ್ಲಿ ಸೀರೆಗಿಂತ ಕಡಿಮೆ ಬಟ್ಟೆಯಿದೆ, ಆದರೆ ತೂಕ ಸುಮಾರು 2.5 ಕಿಲೋಗ್ರಾಂ. ಸಾಧಾರಣ ಹತ್ತಿ ಸೀರೆಯ ನಾಲ್ಕೈದು ಪಟ್ಟು. 18ನೇ ಶತಮಾನದ ಕೊನೆಯ, ಹೊಲಿದು ಮಾಡಿದ ಮೊದಲ ಕಿಲ್ಟುಗಳಿಗೆ ಇದರ ಅರ್ಧದಷ್ಟು ಬಟ್ಟೆ ಸಾಕಾಗುತ್ತಿತ್ತು.

ಸೀರೆಯ ನಿರಿಗೆ ಮುಂದೆ, ಕಿಲ್ಟಿನ ನಿರಿಗೆ ಹಿಂದೆ. ಕಿಲ್ಟಿನ ಮುಂಭಾಗದಲ್ಲಿ ನಿರಿಗೆಯಿಲ್ಲದ ಎರಡು ಸಪಾಟು ಪದರಗಳು ಒಂದರ ಮೇಲೊಂದು ಬರುತ್ತವೆ. ಅದಕ್ಕೆ ಸುಮಾರು 1.2 ಮೀಟರ್ ಹೋಯಿತೆಂದುಕೊಳ್ಳಿ. 7.3 ಮೀಟರಿನಲ್ಲಿ ಉಳಿದ 6 ಮೀಟರ್ ಬಟ್ಟೆಯಷ್ಟೂ ಹಿಂಭಾಗದ ಸುಮಾರು 0.6 ಮೀಟರ್ ಅಗಲದೊಳಗೆ ಮಡಿಚಿಕೊಳ್ಳಬೇಕು. ಅಂದರೆ ಸೊಂಟದ ಹಿಂದೆ ಸರಾಸರಿ 10 ಪದರ! ಹಳೆಯ, ಸಣ್ಣ ಕಿಲ್ಟಿನಲ್ಲಾದರೆ ಸರಾಸರಿ 4 ಪದರ. ಈ ಪದರಗಳ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೈಗೆ ಹೊಂದುವ ಪ್ರಶ್ನೆ

ಇಷ್ಟು ಭಾರ ಎಲ್ಲಿ ಕೂರುತ್ತದೆ? ಕಿಲ್ಟನ್ನು ಷರಾಯಿಯಂತೆ ಸೊಂಟದ ಕೆಳಗೆ ಉಡುವುದಿಲ್ಲ. ಹೊಕ್ಕುಳಿನ ಮಟ್ಟದಲ್ಲಿ, ಪಕ್ಕೆಲುಬು ಮತ್ತು ಸೊಂಟದ ಮೂಳೆಗಳ ನಡುವಣ ಕಿರಿದಾದ ಭಾಗದಲ್ಲಿ, ಚರ್ಮದ ಪಟ್ಟಿಗಳಿಂದ ಬಿಗಿಯುತ್ತಾರೆ. 2.5 ಕಿಲೋಗ್ರಾಂ ಎಂದರೆ ಸುಮಾರು 25 ನ್ಯೂಟನ್ ಬಲ. ಇದನ್ನು ಕೇವಲ ಘರ್ಷಣೆಯಿಂದ ಎತ್ತಿ ಹಿಡಿಯಬೇಕಾದರೆ, ಘರ್ಷಣಾಂಕ 0.3 ಎಂದಿಟ್ಟುಕೊಂಡಾಗ, ಪಟ್ಟಿ ಒಟ್ಟು 80 ನ್ಯೂಟನ್‌ಗೂ ಹೆಚ್ಚು ಬಲದಿಂದ ಮೈಯನ್ನು ಒತ್ತಬೇಕು. 80 ಸೆಂಟಿಮೀಟರ್ ಸುತ್ತಳತೆಯ, 5 ಸೆಂಟಿಮೀಟರ್ ಅಗಲದ ಪಟ್ಟಿಯಲ್ಲಿ ಅದು ಸುಮಾರು 2 ಕಿಲೋಪ್ಯಾಸ್ಕಲ್ ಒತ್ತಡ. ಉಸಿರಾಡುವಾಗ ಇದು ಗೊತ್ತಾಗುವಂಥದ್ದೇ. ಆದರೆ ಸರಿಯಾಗಿ ಹೊಲಿದ ಕಿಲ್ಟಿನಲ್ಲಿ ನಿರಿಗೆಗಳನ್ನು ಸೊಂಟದಿಂದ ಪೃಷ್ಠದ ಅತ್ಯಂತ ಅಗಲವಾದ ಭಾಗದವರೆಗೆ, ಸ್ವಲ್ಪ ಸ್ವಲ್ಪವೇ ಅಗಲಿಸುತ್ತಾ, ಹೊಲಿದು ಭದ್ರಪಡಿಸಿರುತ್ತಾರೆ. ಆಗ ಉಡುಪು ಮೊಟಕು ಶಂಕುವಿನ ಆಕಾರ ಪಡೆದು ಸೊಂಟದ ಮೂಳೆಯ ಇಳಿಜಾರಿನ ಮೇಲೆ ಕೂರುತ್ತದೆ. ಭಾರದ ಬಹುಪಾಲು ಮೂಳೆಗೆ ಹೋಗುತ್ತದೆ, ಪಟ್ಟಿಯ ಬಿಗಿತ ತಗ್ಗುತ್ತದೆ.

ಪ್ರತಿಕೃತಿ ಮಾಡಿಸುವವರು ಷರಾಯಿಯ ಸೊಂಟದಳತೆ ಕೊಟ್ಟರೆ ಏನಾಗುತ್ತದೆಂದು ಈಗ ನೀವೇ ಹೇಳಬಲ್ಲಿರಿ. ಹೊಲಿಗೆ ಕೊನೆಗೊಳ್ಳುವ ಜಾಗ ಪೃಷ್ಠದ ಕೆಳಗೆ ಜಾರುತ್ತದೆ, ನಿರಿಗೆಗಳು ಬಾಯಿ ಬಿಡುತ್ತವೆ, ಅಂಚು ಮಂಡಿಯನ್ನು ದಾಟುತ್ತದೆ. ಅಂಚನ್ನು ಮಡಿಚಿ ಹೊಲಿದು ಗಿಡ್ಡ ಮಾಡುವಂತಿಲ್ಲ. ಏಕೆಂದರೆ ಕಿಲ್ಟಿನ ಕೆಳ ಅಂಚು ಮಗ್ಗದಲ್ಲಿ ಸಹಜವಾಗಿ ಬಂದ ಬಟ್ಟೆಯ ಅಂಚೇ ಆಗಿರುತ್ತದೆ. ಕಂಬಳಿಯಲ್ಲೂ ಹೀಗೆಯೇ ಇರುವುದನ್ನು ನೀವು ಗಮನಿಸಿರಬಹುದು.

ನಿರಿಗೆಯ ಲೋಲಕ

ಭಾರಿ ಕಿಲ್ಟ್ ಉಟ್ಟವರು ಹೊಗಳುವುದು ನಡೆಯುವಾಗ ನಿರಿಗೆಗಳು ತೂಗಾಡುವ ರೀತಿಯನ್ನು. ಇದನ್ನು ಸರಳವಾದ ಒಂದು ಮಾದರಿಯಿಂದ ಅರ್ಥಮಾಡಿಕೊಳ್ಳಬಹುದು. ಪೃಷ್ಠದ ಕೆಳಗೆ ಸ್ವತಂತ್ರವಾಗಿ ತೂಗುವ ನಿರಿಗೆಯನ್ನು, ಮೇಲ್ತುದಿಯಲ್ಲಿ ಕೀಲಿರುವ ಒಂದು ಸಮತೂಕದ ಪಟ್ಟಿ ಎಂದು ಭಾವಿಸಿ. ಸಂಯುಕ್ತ ಲೋಲಕವೇ ಇದು. ಅದರ ಆವರ್ತಕಾಲ 2π√(2ಉ/3ಗು). ಇಲ್ಲಿ 'ಉ' ಎಂಬುದು ಪಟ್ಟಿಯ ಉದ್ದ, 'ಗು' ಎಂಬುದು ಗುರುತ್ವ ವೇಗೋತ್ಕರ್ಷ.

ಕಿಲ್ಟಿನ ಒಟ್ಟು ಉದ್ದ 60 ಸೆಂಟಿಮೀಟರ್, ಅದರಲ್ಲಿ ಮೇಲಿನ 20 ಸೆಂಟಿಮೀಟರ್ ಹೊಲಿದು ಭದ್ರವಾಗಿದೆ ಎಂದುಕೊಳ್ಳೋಣ. ತೂಗುವ ಭಾಗ 40 ಸೆಂಟಿಮೀಟರ್. ಲೆಕ್ಕ ಹಾಕಿದರೆ ಆವರ್ತಕಾಲ ಸುಮಾರು 1.04 ಸೆಕೆಂಡ್ ಬರುತ್ತದೆ. ಈಗ ಸೈನಿಕನ ನಡಿಗೆಯನ್ನು ನೋಡಿ. ನಿಮಿಷಕ್ಕೆ 116 ಹೆಜ್ಜೆ ಎಂದರೆ ಎಡ, ಬಲ ಸೇರಿದ ಒಂದು ಜೋಡಿ ಹೆಜ್ಜೆಗೆ 1.03 ಸೆಕೆಂಡ್. ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುವುದೂ ಇದೇ ಅವಧಿಯಲ್ಲಿ. ಎರಡೂ ಹತ್ತಿರ ಹತ್ತಿರ ಇದ್ದಾಗ ಆಗುವುದೇ ಅನುರಣನ. ಉಯ್ಯಾಲೆಯನ್ನು ತಕ್ಕ ಹೊತ್ತಿಗೆ ನೂಕಿದಂತೆ ಪ್ರತಿ ಹೆಜ್ಜೆಯೂ ನಿರಿಗೆಯ ತೂಗಾಟಕ್ಕೆ ಶಕ್ತಿ ಕೊಡುತ್ತದೆ. ಹೊಲಿಗೆಯಿಲ್ಲದೆ ಸೊಂಟದಿಂದಲೇ 60 ಸೆಂಟಿಮೀಟರ್ ತೂಗುವಂತಿದ್ದರೆ ಆವರ್ತಕಾಲ 1.27 ಸೆಕೆಂಡ್ ಆಗಿ ನಡಿಗೆಗೆ ತಾಳ ತಪ್ಪುತ್ತಿತ್ತು. ದರ್ಜಿಗಳು ಈ ಸೂತ್ರವಿಟ್ಟುಕೊಂಡು ಹೊಲಿದರೆಂದು ಇದರ ಅರ್ಥವಲ್ಲ. ನಿಜವಾದ ನಿರಿಗೆಗಳು ಬಾಗುತ್ತವೆ, ಒಂದನ್ನೊಂದು ಉಜ್ಜುತ್ತವೆ. ನಮ್ಮದು ಸ್ಥೂಲ ಮಾದರಿ ಅಷ್ಟೇ.

ಜಾಣ ವಿದ್ಯಾರ್ಥಿ ಇಲ್ಲೊಂದು ಆಕ್ಷೇಪ ಎತ್ತುತ್ತಾನೆ: ಸೂತ್ರದಲ್ಲಿ ದ್ರವ್ಯರಾಶಿಯೇ ಇಲ್ಲವಲ್ಲ, ಹಗುರ ಬಟ್ಟೆಯೂ ಹೀಗೆಯೇ ತೂಗಬೇಕಲ್ಲವೆ? ನಿರ್ವಾತದಲ್ಲಾದರೆ ಹೌದು. ಆದರೆ ನಾವು ನಡೆಯುವುದು ಗಾಳಿಯಲ್ಲಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಗಾಳಿ ಬಟ್ಟೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 0.6 ನ್ಯೂಟನ್ ಒತ್ತುತ್ತದೆ. ಚದರ ಮೀಟರಿಗೆ 100 ಗ್ರಾಂ ಇರುವ ತೆಳು ಹತ್ತಿ ಬಟ್ಟೆಯ ಭಾರ 1 ನ್ಯೂಟನ್. ಅಂದರೆ ಗಾಳಿಯ ಬಲ ಅದರ ಅರ್ಧಕ್ಕಿಂತ ಹೆಚ್ಚು. ಹಾಗಾಗಿ ಅದು ಪಟಪಟಿಸುತ್ತದೆ, ತೂಗುವುದಿಲ್ಲ. 480 ಗ್ರಾಂ ಬಟ್ಟೆಯ ಭಾರ 4.7 ನ್ಯೂಟನ್, ಗಾಳಿಯ ಪಾಲು ಎಂಟರಲ್ಲೊಂದು. ಗುಡ್ಡದ ಮೇಲೆ ಸೆಕೆಂಡಿಗೆ 4 ಮೀಟರ್ ವೇಗದ ಗಾಳಿ ಬೀಸಿದರೆ ಒತ್ತುವ ಬಲ ಸುಮಾರು 10 ನ್ಯೂಟನ್ ಆಗುತ್ತದೆ. ಒಂದು ಪದರದ ಭಾರಿ ಬಟ್ಟೆಯೂ ಆಗ ಹಾರುತ್ತದೆ. ಆದರೆ ನಾಲ್ಕು ಪದರಗಳ ಒಟ್ಟು ಭಾರ 19 ನ್ಯೂಟನ್. ನಿರಿಗೆ ಹಿಂದೆ ಏಕೆ, ಬಟ್ಟೆ ಭಾರಿ ಏಕೆ ಎಂಬ ಎರಡು ಪ್ರಶ್ನೆಗಳಿಗೂ ಇಲ್ಲಿ ಉತ್ತರದ ಒಂದು ಪಾಲು ಸಿಗುತ್ತದೆ.

ಉಣ್ಣೆ, ಬೆವರು, ಬಿಸಿ

ಈಗ ಹವೆಯ ಪ್ರಶ್ನೆಗೆ ಬರೋಣ. ಉಣ್ಣೆ ಬೆಚ್ಚಗಿಡುವುದು ತಾನು ಬಿಸಿಯಾಗಿರುವುದರಿಂದಲ್ಲ. ಗುಂಗುರಾದ ಎಳೆಗಳ ನಡುವೆ ಗಾಳಿಯನ್ನು ಕದಲದಂತೆ ಹಿಡಿದಿಡುವುದರಿಂದ. ಉಣ್ಣೆ ಬಟ್ಟೆಯ ಉಷ್ಣವಾಹಕತೆ ಸುಮಾರು 0.04 ವ್ಯಾಟ್ ಪ್ರತಿ ಮೀಟರ್ ಪ್ರತಿ ಕೆಲ್ವಿನ್. ನಿಶ್ಚಲ ಗಾಳಿಯದು 0.026. ಒಂದು ಪದರ 1.2 ಮಿಲಿಮೀಟರ್ ದಪ್ಪವಿದ್ದರೆ, ನಾಲ್ಕು ಪದರಗಳ ಮೂಲಕ ಹೊರಗೂ ಒಳಗೂ 4 ಡಿಗ್ರಿ ವ್ಯತ್ಯಾಸವಿದ್ದಾಗ ಹರಿಯುವ ಉಷ್ಣ ಚದರ ಮೀಟರಿಗೆ ಸುಮಾರು 33 ವ್ಯಾಟ್. ಪದರಗಳ ನಡುವಣ ಗಾಳಿಯನ್ನೂ ಸೇರಿಸಿದರೆ ಇನ್ನೂ ಕಡಿಮೆ.

ಚರ್ಮದ ಉಷ್ಣತೆ 34 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ. ಇದು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ಫೆಬ್ರವರಿ ಕೊನೆಯ ಮಧ್ಯಾಹ್ನದ ಸಾಮಾನ್ಯ ಸ್ಥಿತಿ. ಹೊರೆ ಹೊತ್ತು ನಡೆಯುವ ಸೈನಿಕನ ದೇಹ ಸುಮಾರು 300 ವ್ಯಾಟ್ ಉಷ್ಣವನ್ನು ಹೊರಹಾಕಬೇಕು. ಮೈಯ ವಿಸ್ತೀರ್ಣ 1.8 ಚದರ ಮೀಟರ್ ಎಂದರೆ ಚದರ ಮೀಟರಿಗೆ 165 ವ್ಯಾಟ್. ಬಟ್ಟೆಯ ಮೂಲಕ ವಹನದಿಂದ ಅದರ ಐದನೇ ಒಂದು ಪಾಲೂ ಹೋಗಲಾರದು. ಉಳಿದದ್ದಕ್ಕೆ ಬೆವರೇ ಗತಿ. ಬೆವರು ಆವಿಯಾಗಲು ಗಾಳಿಯಾಡಬೇಕು. ಸೊಂಟಕ್ಕೆ ಬಿಗಿದು ಹೊಲಿದ ನಿರಿಗೆಗಳ ಒತ್ತಿನಲ್ಲಿ ಗಾಳಿಯಾಡದು. ಮಂಡಿಯ ಬಳಿ ಕಿಲ್ಟ್ ತೆರೆದಿದ್ದರೂ ಸೊಂಟದ ಹಿಂಭಾಗ ಬೆವರಿನಲ್ಲಿ ನೆನೆಯುತ್ತದೆ. ಸ್ಕಾಟ್‌ಲೆಂಡಿನ ತಂಪಿನಲ್ಲಿ, ಹೊರಗೆ 5 ಡಿಗ್ರಿ ಇದ್ದಾಗ, ಅದೇ ನಾಲ್ಕು ಪದರಗಳ ಮೂಲಕ ಇದರ ಏಳು ಪಟ್ಟು ಉಷ್ಣ ಹರಿಯಬಲ್ಲದು. ಅಲ್ಲಿ ಆ ದಪ್ಪ ಬೇಕು. ಇಲ್ಲಿ ಅದೇ ದಪ್ಪ ಬೇಡ.

ಉಣ್ಣೆಗೆ ಇನ್ನೊಂದು ವಿಶೇಷ ಗುಣವಿದೆ. ಅದರ ಎಳೆಯ ಹೊರಮೈ ಜಿಡ್ಡಿನಿಂದ ನೀರನ್ನು ದೂರವಿಡುತ್ತದೆ. ಒಳಗಿನ ಕೆರಾಟಿನ್ ಮಾತ್ರ ನೀರಾವಿಯನ್ನು ಹೀರುತ್ತದೆ. ಒಣ ತೂಕದ ಶೇಕಡಾ 30ರಷ್ಟು ತೇವ ಹೀರಿದರೂ ಮುಟ್ಟಿದಾಗ ಒದ್ದೆ ಎನಿಸದು. ಮಧ್ಯಾಹ್ನದ ಒಣ ಗಾಳಿಯಲ್ಲಿ ಶೇಕಡಾ 9ರಷ್ಟು ತೇವವಿದ್ದ ಉಣ್ಣೆ, ಇರುಳಿನ ತೇವದ ಗಾಳಿಯಲ್ಲಿ ಶೇಕಡಾ 20ರ ಸಮೀಪಕ್ಕೆ ಬರುತ್ತದೆ. 2 ಕಿಲೋಗ್ರಾಂ ಉಣ್ಣೆಯಾದರೆ 200 ಗ್ರಾಂಗೂ ಹೆಚ್ಚು ಆವಿಯನ್ನು ಹೀರಿತು. ಹೀರುವಾಗ ಆವಿಯ ಗುಪ್ತೋಷ್ಣ ಬಿಡುಗಡೆಯಾಗುತ್ತದೆ: ಸುಮಾರು 500 ಕಿಲೋಜೂಲ್. ಸುಮ್ಮನೆ ಕುಳಿತ ಮನುಷ್ಯನ ದೇಹ 80 ನಿಮಿಷಗಳಲ್ಲಿ ಹೊಮ್ಮಿಸುವಷ್ಟು ಉಷ್ಣ! ಅದೆಲ್ಲವೂ ಮೈಗೇ ಬರುವುದಿಲ್ಲ, ನಿಜ. ಆದರೂ ಸಂಜೆ ಮಂಜು ಇಳಿಯುವಾಗ ಉಣ್ಣೆ ತಾನಾಗಿ ಬೆಚ್ಚಗಾಗುತ್ತದೆ ಎಂಬ ಕುರಿಗಾಹಿಗಳ ಅನುಭವ ಬರಿಯ ಭ್ರಮೆಯಲ್ಲ.

ಇದರ ಇನ್ನೊಂದು ಮುಖವೂ ಇದೆ. ಮಳೆ ಸುರಿದು ನಿರಿಗೆಗಳ ನಡುವೆ ನೀರು ನಿಂತರೆ ಕಿಲ್ಟಿನ ತೂಕ ಬೆಳೆಯುತ್ತಾ ಹೋಗುತ್ತದೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೆಸರು ಹತ್ತಿ ಹೆಪ್ಪುಗಟ್ಟಿದ ನಿರಿಗೆಯ ಅಂಚುಗಳು ಸೈನಿಕರ ಮಂಡಿಯ ಹಿಂಭಾಗವನ್ನು ಕೊಯ್ಯುತ್ತಿದ್ದವು. ಮಡಿಕೆಗಳಲ್ಲಿ ಹೇನು ಮನೆಮಾಡುತ್ತಿದ್ದವು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಕಿಲ್ಟನ್ನು ರಣರಂಗದಿಂದ ಹಿಂತೆಗೆದುಕೊಳ್ಳಲಾಯಿತು. ಅನಂತರ ಅದು ಮುಖ್ಯವಾಗಿ ಪಥಸಂಚಲನದ ಉಡುಪಾಗಿ ಉಳಿಯಿತು.

ಕಂಬಳಿ: ತೆಗೆದಿಡಬಹುದಾದ ಭಾರ

ಹಾಗಾದರೆ ಕೋಲಾರದ ಹವೆಗೆ ಭಾರಿ ಉಣ್ಣೆಯೇ ಸಲ್ಲದು ಎನ್ನೋಣವೆ? ಹಾಗೆನ್ನುವಂತಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಯಲಿನಲ್ಲಿ ಕುರಿ ಕಾಯುವವರ ಹೆಗಲ ಮೇಲೆ ಕರಿಯ ಕಂಬಳಿ ಕಂಡೇ ಕಾಣುತ್ತಿತ್ತು. ತೆಲುಗು ಮಾತನಾಡುವ ಮನೆಗಳಲ್ಲಿ ಅದು ಗೊಂಗಡಿ. ಕುರಿಯ ತುಪ್ಪಟವನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ರಾಟೆಯಲ್ಲಿ ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ, ಗುಂಡಿ ಮಗ್ಗದಲ್ಲಿ ನೇಯುವುದು ಕುರುಬರ ಕಸುಬು. ಕಪ್ಪು ಬಣ್ಣ ಕುರಿಯದೇ. ಬೇರೆ ಬಣ್ಣ ಬೇಕಿಲ್ಲ. 1800ರಲ್ಲಿ ಮದರಾಸಿನಿಂದ ಹೊರಟು ಈ ಸೀಮೆಯ ಮೂಲಕ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ಕುರುಬರನ್ನೂ ಅವರ ಕಂಬಳಿ ನೇಯ್ಗೆಯನ್ನೂ ವಿವರಿಸಿದ್ದಾನೆ. ಸ್ವಾರಸ್ಯವೆಂದರೆ ಬುಕಾನನ್ ಕೂಡ ಸ್ಕಾಟ್‌ಲೆಂಡಿನವನು.

ಕಿಲ್ಟಿನ ಪೂರ್ವಜ ಕೂಡ ಒಂದು ಕಂಬಳಿಯೇ ಎಂಬುದು ಇನ್ನೂ ಸ್ವಾರಸ್ಯಕರ. 16 ಮತ್ತು 17ನೇ ಶತಮಾನಗಳ ಹೈಲ್ಯಾಂಡಿನವರು ಹೊಲಿಗೆಯಿಲ್ಲದ ಉದ್ದನೆಯ ಉಣ್ಣೆ ಹೊದಿಕೆಯೊಂದನ್ನು ನಿರಿಗೆ ಹಿಡಿದು ಸೊಂಟಕ್ಕೆ ಪಟ್ಟಿ ಬಿಗಿದು, ಮೇಲಿನ ಅರ್ಧವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಮಳೆ ಬಂದರೆ ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ರಾತ್ರಿ ಅದನ್ನೇ ಹೊದ್ದು ಮಲಗುತ್ತಿದ್ದರು. ನಮ್ಮ ಕುರಿಗಾಹಿಯ ಕಂಬಳಿ ಕೊಪ್ಪೆಯ ಕಥೆಯೂ ಇದೇ ಅಲ್ಲವೆ? 18ನೇ ಶತಮಾನದಲ್ಲಿ ಆ ಹೊದಿಕೆಯ ಕೆಳಗಿನ ಅರ್ಧವಷ್ಟೇ ಬೇರೆಯಾಗಿ, ಕೊನೆಗೆ ಹೊಲಿಗೆ ಬಿದ್ದು, ಸಮವಸ್ತ್ರವಾಯಿತು. ಬಿಚ್ಚಿ ಹೊದೆಯಬಹುದಾಗಿದ್ದದ್ದು ಮೈಗೆ ಕಚ್ಚಿಕೊಂಡ ಉಡುಪಾಯಿತು.

ವ್ಯತ್ಯಾಸದ ತಿರುಳು ಇಲ್ಲಿದೆ. ಕಂಬಳಿ ಕಿಲ್ಟಿಗಿಂತ ಹಗುರವೇನಲ್ಲ. 2.4 ಮೀಟರ್ ಉದ್ದ, 1.2 ಮೀಟರ್ ಅಗಲದ ಕಂಬಳಿ 2.4 ಕಿಲೋಗ್ರಾಂ ತೂಗಿದರೆ, ಚದರ ಮೀಟರಿಗೆ 830 ಗ್ರಾಂ ಆಯಿತು. ಭಾರಿ ಕಿಲ್ಟಿನ ಬಟ್ಟೆಯನ್ನೂ ಅದು ಮೀರಿಸುತ್ತದೆ. ಆದರೆ ಪದರಗಳ ಸಂಖ್ಯೆಯನ್ನು ನಿರ್ಧರಿಸುವವನು ದರ್ಜಿಯಲ್ಲ, ಹೊದ್ದವನು. ಬೆಳಗಿನ ಚಳಿಗೆ ಎರಡು ಮಡಿಕೆ, ಮಧ್ಯಾಹ್ನಕ್ಕೆ ಹೆಗಲ ಮೇಲೆ, ಮಳೆಗೆ ತಲೆಯ ಮೇಲೆ ಕೊಪ್ಪೆ, ಕೂರಲು ಹಾಸು. ಹುಣಸೆ ಬೀಜದ ಗಂಜಿಯಿಂದ ಬಂದ ಬಿರುಸು ಅದನ್ನು ಮೈಗೆ ಅಂಟಿಕೊಳ್ಳದಂತೆ ನಿಲ್ಲಿಸುತ್ತದೆ, ಒಳಗೆ ಗಾಳಿಯಾಡುತ್ತದೆ. ಬಿಸಿಲಿಗೆ ಕರಿಯ ಕಂಬಳಿಯೇ ಎಂದು ಅಚ್ಚರಿಪಡುವವರು 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಶ್ಕೋಲ್ನಿಕ್ ಮತ್ತು ಸಂಗಡಿಗರ ಅಧ್ಯಯನವನ್ನು ನೆನೆಯಬೇಕು. ಮರುಭೂಮಿಯ ಬೆದೊಯಿನರು ತೊಡುವ ಸಡಿಲವಾದ ಕಪ್ಪು ನಿಲುವಂಗಿ ಬಿಳಿಯದಕ್ಕಿಂತ ಹೆಚ್ಚು ಬಿಸಿಲು ಹೀರುತ್ತದೆ. ಆದರೆ ಆ ಹೆಚ್ಚುವರಿ ಉಷ್ಣ ಚರ್ಮವನ್ನು ತಲುಪುವ ಮೊದಲೇ ಕಳೆದುಹೋಗುತ್ತದೆ ಎಂದು ಅವರು ಅಳೆದು ತೋರಿಸಿದರು. ಬಟ್ಟೆ ದಪ್ಪವಾಗಿ ಸಡಿಲವಾಗಿದ್ದರೆ ಬಣ್ಣದ ಪರಿಣಾಮ ತಗ್ಗುತ್ತದೆ. ಕೋಲಾರದ ದಾರಿಯಲ್ಲಿ ಸಲ್ಲದಿದ್ದದ್ದು ಉಣ್ಣೆಯ ಭಾರವಲ್ಲ, ಆ ಭಾರವನ್ನು ಮೈಗೆ ಹೊಲಿದು ಕಟ್ಟಿದ ರೀತಿ.

ಅಳೆದದ್ದನ್ನು ಮಾತ್ರ ಮರಳಿ ಮಾಡಬಹುದು

ಸ್ಕಾಟ್‌ಲೆಂಡಿನ ಹಳೆಯ ಸೈನಿಕ ಬಟ್ಟೆಯನ್ನು ಇಂದು ಎಳೆಯೆಳೆಯಾಗಿ ಮರಳಿ ನೇಯಲು ಸಾಧ್ಯವಾಗಿರುವುದು ಹೇಗೆ? ಯಾರೋ ಅಳೆದು ಬರೆದಿಟ್ಟಿದ್ದರಿಂದ. ಸೈನ್ಯಕ್ಕೆ ಟಾರ್ಟನ್ ಒದಗಿಸುತ್ತಿದ್ದ ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಮನೆತನದ ನೇಯ್ಗೆ ಸಂಸ್ಥೆ 1819ರ ತನ್ನ ಮಾದರಿ ಪುಸ್ತಕದಲ್ಲಿ ಯಾವ ಬಣ್ಣದ ಎಷ್ಟು ಎಳೆ ಎಂದು ಲೆಕ್ಕ ಬರೆದಿಟ್ಟಿತ್ತು. 1746ರ ಕಾನೂನು ಹೈಲ್ಯಾಂಡಿನ ಜನಸಾಮಾನ್ಯರಿಗೆ ಈ ಉಡುಪನ್ನು ನಿಷೇಧಿಸಿತ್ತು. 1782ರಲ್ಲಿ ಅದು ರದ್ದಾಗುವವರೆಗೆ ಸೈನಿಕರಿಗೆ ಮಾತ್ರ ವಿನಾಯಿತಿಯಿತ್ತು. ಅಂಥ ತಡೆಯನ್ನೂ ದಾಟಿ ಬಟ್ಟೆ ಬದುಕಿತು. ಬರಹ ಅದನ್ನು ಉಳಿಸಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ಕಿಲ್ಟನ್ನು ಯಾರೂ ಉಟ್ಟು ನಡೆದು ನೋಡುವಂತಿಲ್ಲ. ಸರಿಯಾದ ತೂಕದ ಪ್ರತಿಕೃತಿಯನ್ನು ಉಟ್ಟು ನೋಡಬಹುದು. ಆಗ ಚಿತ್ರವೂ ಕಡತವೂ ಹೇಳದ ಸಂಗತಿಗಳು, ಅಂದರೆ ಸೊಂಟದ ಒತ್ತಡ, ನಿರಿಗೆಯ ತಾಳ, ಬೆವರಿನ ಕಸಿವಿಸಿ, ಮೈಗೆ ತಿಳಿಯುತ್ತವೆ. ಇದೂ ಒಂದು ಪ್ರಯೋಗವೇ. ಉಪಕರಣ ಮಾತ್ರ ಮನುಷ್ಯನ ದೇಹ.

ನಮ್ಮ ಕಂಬಳಿಗೆ ಈ ಭಾಗ್ಯವಿದೆಯೆ? ಅಗ್ಗದ ಗಿರಣಿ ಹೊದಿಕೆಗಳೂ ಅಕ್ರಿಲಿಕ್ ರಗ್ಗುಗಳೂ ಬಂದ ಮೇಲೆ ಕೈನೂಲಿನ ಕಂಬಳಿ ಅಪರೂಪವಾಗುತ್ತಿದೆ. ಅಟ್ಟದ ಮೇಲಿನ ಹಳೆಯ ಕಂಬಳಿಯನ್ನು ನುಸಿ ತಿನ್ನುತ್ತಿದೆ. ಸೆಂಟಿಮೀಟರಿಗೆ ಎಷ್ಟು ಎಳೆ, ಗಂಜಿ ಎಷ್ಟು ಗಟ್ಟಿ, ಯಾವ ಕುರಿಯ ತುಪ್ಪಟ ಎಂಬುದು ಬಹುಮಟ್ಟಿಗೆ ನೇಕಾರರ ಕೈಯಲ್ಲಿದೆ, ಕಾಗದದ ಮೇಲಿಲ್ಲ. ಕೈ ನಿಂತರೆ ಅಳತೆಯೂ ಹೋಗುತ್ತದೆ. ಅನಂತರ ಮಾಡುವ ಯಾವ ಪ್ರತಿಕೃತಿಯೂ ಬರಿಯ ಬಣ್ಣದ ಹೋಲಿಕೆಯಷ್ಟೇ ಆದೀತು.

ಈ ಕೆಲಸಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಕೋಲಾರ ಜಿಲ್ಲೆಯ ಯಾವುದೇ ಪ್ರೌಢಶಾಲೆಯಲ್ಲಿ ಇದನ್ನು ಮಾಡಬಹುದು. ಶಿಕ್ಷಕರಿಗೆ ಇಲ್ಲಿ ಐದು ಅಳತೆಗಳನ್ನು ಸೂಚಿಸುತ್ತೇನೆ.

1. ಮನೆಯಲ್ಲಿರುವ ಕೈನೂಲಿನ ಕಂಬಳಿಯ ಉದ್ದ, ಅಗಲ, ತೂಕ ಅಳೆದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಕಂಡುಹಿಡಿಯಿರಿ.

2. ಭೂತಗನ್ನಡಿಯಿಂದ ಒಂದು ಸೆಂಟಿಮೀಟರಿನಲ್ಲಿರುವ ಹಾಸಿನ ಮತ್ತು ಹೊಕ್ಕಿನ ಎಳೆಗಳನ್ನು ಎಣಿಸಿ. ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ.

3. ಬಿಸಿಲಿನಲ್ಲಿ ಒಣಗಿಸಿದ ಕಂಬಳಿಯನ್ನು ಸಂಜೆ ತೂಗಿ, ರಾತ್ರಿಯಿಡೀ ತೆರೆದ ಜಗುಲಿಯಲ್ಲಿ ಹರಡಿ, ಸೂರ್ಯೋದಯಕ್ಕೆ ಮುಂಚೆ ಮತ್ತೆ ತೂಗಿ. ಹೆಚ್ಚಿದ ತೂಕವೇ ಹೀರಿದ ನೀರಾವಿ. ಇಬ್ಬನಿ ನೇರವಾಗಿ ಬೀಳದಂತೆ ನೋಡಿಕೊಳ್ಳಿ.

4. ಒಂದೇ ಅಳತೆಯ ಮೂರು ಲೋಟಗಳಲ್ಲಿ ಬಿಸಿನೀರು ತುಂಬಿ, ಒಂದು, ಎರಡು ಮತ್ತು ನಾಲ್ಕು ಪದರ ಉಣ್ಣೆ ಸುತ್ತಿ, ಐದು ನಿಮಿಷಕ್ಕೊಮ್ಮೆ ಉಷ್ಣತೆ ಗುರುತಿಸಿ ನಕ್ಷೆ ಬರೆಯಿರಿ.

5. 40 ಸೆಂಟಿಮೀಟರ್ ಉದ್ದದ ಉಣ್ಣೆಯ ಪಟ್ಟಿಯನ್ನೂ ಅಷ್ಟೇ ಉದ್ದದ ತೆಳು ಹತ್ತಿಯ ಪಟ್ಟಿಯನ್ನೂ ಕೋಲಿಗೆ ತೂಗುಹಾಕಿ ಬಿಡಿ. ಯಾವುದು ಹೆಚ್ಚು ಸಲ ತೂಗಿ ನಿಲ್ಲುತ್ತದೆಂದು ಎಣಿಸಿ.

ಇವುಗಳ ಜೊತೆಗೆ ಕಂಬಳಿ ನೇಯ್ದವರ ಊರು, ನೇಯ್ದ ವರ್ಷ, ಗಂಜಿ ಹಾಕುವ ಕ್ರಮ ಇವನ್ನು ಕೇಳಿ ಬರೆದುಕೊಳ್ಳಲಿ. ಮೊದಲ ಐದು ಅಳತೆಗಳನ್ನು ಮಕ್ಕಳು ಯಾವಾಗ ಬೇಕಾದರೂ ಮಾಡಬಹುದು. ಈ ಕೊನೆಯದಕ್ಕೆ ಮಾತ್ರ ಮಗ್ಗದ ಮುಂದೆ ಕುಳಿತ ಒಬ್ಬ ಹಿರಿಯರು ಬೇಕು. ಅಂಥವರು ನಿಮ್ಮ ಹೋಬಳಿಯಲ್ಲಿ ಇನ್ನೂ ಇದ್ದಾರೆಯೆ ಎಂದು ಈ ವಾರವೇ ವಿಚಾರಿಸಿ.